ಸ್ಟೋ ದೊಡ್ಡದು ಮಾಡಿದ ದಿನ

ನಮ್ಮ ಮನೆಯಲ್ಲಿ ದೀಪ ಆರುತ್ತಿರಲಿಲ್ಲ, ದೊಡ್ಡದಾಗುತ್ತಿತ್ತು. ಜೋಳದ ಹಿಟ್ಟು ತೀರುತ್ತಿರಲಿಲ್ಲ, ಹೆಚ್ಚುತ್ತಿತ್ತು. ಕೈಯ ಬಳೆ ನೆಲಕ್ಕೆ ತಾಗಿ ಚೂರಾದರೂ ಒಡೆಯಿತು ಎನ್ನುವಂತಿರಲಿಲ್ಲ, ಅದೂ ಹೆಚ್ಚಿತು ಎನ್ನಬೇಕು. ಯಾರಾದರೂ ಪರವೂರಿನವರು ಕಮರಿಪೇಟೆಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಒಳಗಿನ ಮಾತು ಕೇಳಿದ್ದರೆ, ಇದು ಎಂಥ ತುಂಬಿ ತುಳುಕುವ ಸಂಸಾರವಪ್ಪಾ ಎಂದುಕೊಂಡು ಎದ್ದು ಹೋಗುತ್ತಿದ್ದರು. ಒಳಗೆ ಬಂದು ನೋಡಿದ್ದರೆ ಹಿಟ್ಟಿನ ಡಬ್ಬಿ ಖಾಲಿ, ದೀಪದ ಗೂಡು ಕತ್ತಲು, ನನ್ನ ಎಡಗೈ ಬೋಳು.

ಆರಿಸು, ತೀರಿತು, ಒಡೆಯಿತು ಇವೆಲ್ಲ ಮುತ್ತೈದೆಯರ ಬಾಯಲ್ಲಿ ಬರಬಾರದ ಮಾತುಗಳೆಂದು ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಕಲಿಸಿದವರು ನಮ್ಮ ಅತ್ತೆ. ಅವರು ಒಂದು ಸಲ ಹೇಳಿದರು, ನಾನು ಜನ್ಮಪೂರ್ತಿ ಹಿಡಿದುಕೊಂಡೆ. ಕಲಿಸಿದವರಿಗಿಂತ ಕಲಿತವಳೇ ಬಿಗಿ. ಹಿತ್ತಲ ಗೋಡೆಯಾಚೆ ಯಾರಾದರೂ "ಕಂದೀಲು ಆರಸಲೇ" ಎಂದು ಕೂಗಿದರೆ ನಾನು ಈಚೆಯಿಂದಲೇ "ದೊಡ್ಡದು ಮಾಡು ಅನ್ರಿ" ಎಂದು ತಿದ್ದುತ್ತಿದ್ದೆ. ಅವರು ನನ್ನ ಬಗ್ಗೆ ಏನು ಅಂದುಕೊಳ್ಳುತ್ತಿದ್ದರೋ, ಅದನ್ನು ಗೋಡೆ ಈಚೆಗೆ ಬಿಡುತ್ತಿರಲಿಲ್ಲ. ಅದೂ ಶಿವನ ದಯವೇ.

ಈ ಒಂದು ಮಾತಿನಿಂದ ಅತ್ತೆಯವರ ಉಳಿದ ಒಂದು ಕಣ್ಣು ಹೋಗುವುದರಲ್ಲಿತ್ತು. ಅದನ್ನೇ ಹೇಳಲು ಕುಳಿತಿದ್ದೇನೆ.

ಅತ್ತೆಗೆ ಎರಡೂ ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆ, ಬಂದಿತ್ತು. ಮೊದಲ ಕಣ್ಣಿನ ಆಪರೇಶನ್ ಚೆನ್ನಾಗಿಯೇ ಆಗಿತ್ತಂತೆ. ಆದರೆ ಮನೆಗೆ ಬಂದವರು ಸುಮ್ಮನೆ ಕೂಡಬೇಕಲ್ಲ. ಮಳೆಗಾಲ, ಹತ್ತಿಕಟ್ಟಿಗೆ ಹಸಿಯಾಗಿ ಉರಿ ಹತ್ತದೆ ನಾನು ಒಲೆಯ ಮುಂದೆ ಪರದಾಡುವುದನ್ನು ಕೇಳಲಾರದೆ, "ಸರಿ ಬೇ, ನಿನಗ ಒಲಿ ಹಚ್ಚಾಕ ಎಂದ ಬಂದೀತು" ಎಂದು ತಾವೇ ಊದುಗೊಳವೆ ಹಿಡಿದು ಕುಳಿತುಬಿಟ್ಟರು. ಹೊಗೆ ತುಂಬಿತು, ಕೆಮ್ಮು ಹತ್ತಿತು. ಕಣ್ಣು ಕೆಂಪಾಯಿತು, ಕೀವಾಯಿತು, ಆಮೇಲೆ ಅದರಲ್ಲಿ ಬೆಳಕು ಉಳಿಯಲಿಲ್ಲ.

ಅವರು ಅದಕ್ಕಾಗಿ ಅತ್ತವರಲ್ಲ, ಯಾರನ್ನೂ ಬೈದವರೂ ಅಲ್ಲ. ಅವರಿಗೆ ಇದ್ದದ್ದು ಒಂದೇ ಕೊರಗು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಕೊರಳ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು ಅದನ್ನೇ ದಿಟ್ಟಿಸುತ್ತ ಕೂಡುವುದು ಅವರ ಪೂಜೆ. ಉಳಿದ ಕಣ್ಣಿಗೂ ಪರದೆ ಕವಿಯುತ್ತ ಬಂದಾಗ ಒಂದು ದಿನ ಕೈಯಲ್ಲಿ ಲಿಂಗವಿಟ್ಟುಕೊಂಡೇ ನನ್ನನ್ನು ಕರೆದರು.

"ಅಂಗೈ ಅಷ್ಟು ಕಾಣತೈತಿ. ಅದರ ಮ್ಯಾಲೆ ಏನೋ ಕರಿದೈತಿ ಅನಸತೈತಿ. ಅದು ಲಿಂಗಽನೋ, ನನ್ನ ಕಣ್ಣಾನ ಕತ್ತಲಿನೋ ತಿಳೀವಲ್ದು. ನಾ ಯಾವುದಕ್ಕ ಪೂಜಿ ಮಾಡಾಕತ್ತೇನಿ ಅಂತ ನೀನರ ನೋಡಿ ಹೇಳವ್ವಾ."

"ಲಿಂಗಽನ ಐತ್ರಿ ಅತ್ತ್ಯಾರ" ಎಂದು ಹೇಳಿ ಅಡಿಗೆಮನೆಗೆ ಹೋಗಿ, ಈರುಳ್ಳಿ ಹೆಚ್ಚುವ ನೆವ ಮಾಡಿಕೊಂಡೆ.

ಎರಡನೆಯ ಕಣ್ಣಿನ ಆಪರೇಶನ್ ಆದ ಮೇಲೆ ಡಾಕ್ಟರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈಯುವವರಂತೆ ಹೇಳಿದರು. ಹೊಗೆ ಬಂದ್, ಕೆಮ್ಮು ಬಂದ್, ಅಳುವುದು ಬಂದ್, ಬಗ್ಗುವುದು ಬಂದ್. ಕಣ್ಣು ಪೂರ್ತಿ ಮಾಗಿದ ಮೇಲೆ ದಪ್ಪ ಗಾಜಿನ ಚಾಳೀಸು ಕೊಡುತ್ತೇನೆ, ಅಲ್ಲಿಯ ತನಕ ಮನೆಯಲ್ಲಿ ಹೊಗೆ ಕಂಡಿತೋ, ಈ ಕಣ್ಣೂ ಆ ಕಣ್ಣಿನ ಹಾದಿಯೇ.

"ಇಷ್ಟೆಲ್ಲಾ ಬಂದ್ ಆದ ಮ್ಯಾಲೆ ಬಾಳೇದಾಗ ಏನು ಉಳೀತ್ರಿ ಸಾಹೇಬ್ರ?" ಎಂದರು ಅತ್ತೆ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡೇ.

"ಜಗಳಾ ಮಾಡ್ರಿ. ಕುಂತಲ್ಲೇ ಕುಂತು ಮಾಡ್ರಿ" ಎಂದರು ಡಾಕ್ಟರು.

ಅತ್ತೆಗೆ ಡಾಕ್ಟರು ಹಿಡಿಸಿದರು. ಆದರೆ ನಮ್ಮ ಮನೆಯಲ್ಲಿ ಹೊಗೆ ಇಲ್ಲದ ಜಾಗ ಎಲ್ಲಿದೆ? ಪಡಸಾಲೆಯಲ್ಲಿ ನಮ್ಮ ಮನೆಯವರ ಹತ್ತಿ ವ್ಯಾಪಾರದ ಮಾದರಿ ಗಂಟುಗಳು. ಅಲ್ಲಿ ಕುಳಿತರೆ ಮೂಗಿಗೆ ಹತ್ತಿಯ ಎಳೆ ಹೋಗಿ ಕೆಮ್ಮು. ಉಳಿದದ್ದು ನಡುಮನೆ. ಅದಕ್ಕೂ ಅಡಿಗೆಮನೆಗೂ ನಡುವೆ ಬಾಗಿಲೇ ಇರಲಿಲ್ಲ, ಬರೀ ಚೌಕಟ್ಟು. ಒಲೆ ಹಚ್ಚಿದರೆ ಅದರ ಮೊದಲ ಹೊಗೆ ನಡುಮನೆಗೇ.

ಹೀಗಾಗಿ ನಮ್ಮ ಮನೆಯವರು ಸ್ಟೋ ತಂದರು.

ಯುದ್ಧ ಬಂದು ಚಿಮಣಿ ಎಣ್ಣೆಗೆ ಚೀಟಿ ಹಿಡಿದು ನಿಲ್ಲುವ ಕಾಲ ಇನ್ನೂ ದೂರವಿತ್ತು. ಆದರೂ ಓಣಿಯಲ್ಲಿ ಸ್ಟೋ ಇದ್ದ ಮನೆಗಳು ಕಡಿಮೆ. ಮೂರು ಕಾಲಿನ ಹಿತ್ತಾಳೆಯ ಗಡಿಗೆ, ಬಗಲಲ್ಲಿ ಗಾಳಿ ಹೊಡೆಯುವ ಪಂಪು, ಮೇಲೆ ಕಿರೀಟದಂಥ ಬರ್ನರು. ನೋಡಿದ ಕೂಡಲೆ ನನಗೆ ಕೈ ಮುಗಿಯಬೇಕು ಅನ್ನಿಸಿತು, ಮುಗಿದೆ. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಪಕ್ಕದಲ್ಲಿ ನಿಂತಿದ್ದವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಅವಳು ಧಾರವಾಡದ ಹೆಣ್ಣು, ಸಾಲಿ ಕಲಿತವಳು. ಅವಳ ನಗುವಿನಲ್ಲಿಯೂ ಒಂದು ವ್ಯಾಕರಣ ಇರುತ್ತಿತ್ತು.

ನಮ್ಮ ಮನೆಯವರು ಕೆಳಗೆ ಕುಳಿತು ನಮಗಿಬ್ಬರಿಗೂ ಪಾಠ ಮಾಡಿದರು. ಮೊದಲು ಬರ್ನರಿನ ಕೆಳಗಿನ ಬಟ್ಟಲಿನ ತುಂಬ ಸ್ಪಿರಿಟ್ ಹಾಕಿ ಹಚ್ಚಬೇಕು. ಅದು ಉರಿದು ಬರ್ನರು ಚೆನ್ನಾಗಿ ಕಾಯಬೇಕು. ಆಮೇಲೆ ಪಂಪು ಹೊಡೆದರೆ ಒಳಗಿನ ಎಣ್ಣೆ ಆವಿಯಾಗಿ ಬಂದು ನೀಲಿ ಉರಿ ಹತ್ತುತ್ತದೆ. ಬರ್ನರು ಕಾಯದೆ ಪಂಪು ಹೊಡೆದರೆ ಎಣ್ಣೆ ಎಣ್ಣೆಯಾಗಿಯೇ ಚಿಮ್ಮುತ್ತದೆ. ಕೊನೆಗೆ ಗಡಿಗೆಯ ಭುಜದ ಮೇಲಿದ್ದ ಒಂದು ಸಣ್ಣ ತಿರುಪನ್ನು ಮುಟ್ಟಿ ತೋರಿಸಿದರು.

"ಉಳಿದದ್ದು ಮರತ್ರೂ ನಡೀತೈತಿ, ಇದೊಂದು ಮರೀಬ್ಯಾಡ್ರಿ. ಇದು ಗಾಳಿ ತಿರುಪು. ಏನರ ಹೆಚ್ಚುಕಡಿಮಿ ಆತಂದ್ರ ಇದನ್ನ ಸಡ್ಲ ಮಾಡಬೇಕು. ಒಳಗಿನ ಗಾಳಿ ಸುಸ್ ಅಂತ ಹೊರಗ ಹೊಕ್ಕೈತಿ, ಉರಿ ಆರ..."

ನಾನು ಅವರ ಮುಖ ನೋಡಿದೆ. ಅವರು ಮಾತನ್ನು ಅಲ್ಲಿಗೇ ನುಂಗಿಕೊಂಡರು.

"...ಉರಿ ದೊಡ್ಡದಾಕ್ಕೈತಿ" ಎಂದರು.

"ಪಂಪು ಹೊಡದ್ರ ಏನಾಕ್ಕೈತ್ರಿ?" ಎಂದು ನೆಗೆಣ್ಣಿ ಕೇಳಿದಳು.

"ದೊಡ್ಡದಾಕ್ಕೈತಿ."

"ತಿರುಪು ಬಿಚ್ಚಿದ್ರೂ ದೊಡ್ಡದು, ಪಂಪು ಹೊಡದ್ರೂ ದೊಡ್ಡದು. ಮತ್ತ ಸಣ್ಣದು ಆಗಬೇಕಂದ್ರ ಏನು ಮಾಡೂದ್ರಿ?"

ನಮ್ಮ ಮನೆಯವರು ಅಂಗಡಿಗೆ ಹೊತ್ತಾಯಿತು ಎಂದು ಎದ್ದು ಹೋದರು. ಹೋಗುವಾಗ ಒಂದು ಬುಟ್ಟಿ ಉಸುಕು ತಂದು ಸ್ಟೋದ ಹತ್ತಿರ ಇಟ್ಟರು. ಬೆಂಕಿ ಚೆಲ್ಲಿದರೆ ಹಾಕಲು. ಅಷ್ಟು ಒಳ್ಳೆಯ ಉಸುಕು ಸುಮ್ಮನೆ ಇರುವುದು ನೋಡಲಾಗದೆ ನಾನು ಅದರಲ್ಲಿ ಹಸಿಶುಂಠಿ ಹೂತಿಟ್ಟೆ. ಬಹಳ ದಿನ ಬಾಡದೆ ಉಳಿಯುತ್ತಿತ್ತು.

ಸ್ಟೋ ದೀಪವೋ ಒಲೆಯೋ ಎಂಬುದು ನಮ್ಮಿಬ್ಬರ ನಡುವೆ ಇತ್ಯರ್ಥವಾಗಲೇ ಇಲ್ಲ. ನನ್ನ ಲೆಕ್ಕದಲ್ಲಿ ಅದು ದೀಪದ ಜಾತಿ. ಹಿತ್ತಾಳೆಯದು, ಎಣ್ಣೆ ಹಾಕುತ್ತೇವೆ, ಉರಿ ಹೂವಿನಂತೆ ಅರಳುತ್ತದೆ. ಆದ್ದರಿಂದ ದಿನಾ ಬೆಳಿಗ್ಗೆ ಅದಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆದು, ಆಮೇಲೆಯೇ ಕಡ್ಡಿ ಗೀರುತ್ತಿದ್ದೆ. ಅದನ್ನು ಮುಗಿಸುವಾಗ ದೊಡ್ಡದು ಮಾಡು ಅಂತಲೇ ಅನ್ನಬೇಕು. ನೆಗೆಣ್ಣಿಯ ಲೆಕ್ಕದಲ್ಲಿ ಅದು ಯಂತ್ರ, ಹತ್ತಿ ಬಿಡಿಸುವ ಜಿನ್ನಿಂಗ್ ಕಾರಖಾನೆಯ ಯಂತ್ರವಿದ್ದ ಹಾಗೆ. ದೊಡ್ಡದು ಅಂದರೆ ದೊಡ್ಡದು, ಪಂಪು ಹೊಡೆಯುವುದು.

"ಅಕ್ಕಾರ, ಮುಂಜಾನೆ ಇದಕ್ಕ ಪೂಜಿ ಮಾಡ್ತೀರಿ, ಮಧ್ಯಾಹ್ನ ಇದರ ತಲಿಮ್ಯಾಲೆ ಬದನಿಕಾಯಿ ಪಲ್ಯಾ ಇಡ್ತೀರಿ. ದೇವರಿಗೆ ಹೆಂಗ ಅನಸಬೇಕ್ರಿ?"

"ನಿಮ್ಮ ಧಾರವಾಡದಾಗ ಪಲ್ಯಾ ತಣ್ಣಗಽ ಉಣ್ತೀರೇನ?"

"ಬಿಸಿ ಉಣ್ತೇವ್ರಿ. ಆದ್ರ ಪಲ್ಯಾಕ್ಕ ಕೈ ಮುಗಿಯೂದಿಲ್ಲ."

ನಡುಮನೆಯ ಮೂಲೆಯಲ್ಲಿ, ಕಣ್ಣಿನ ಮೇಲೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ಕುಳಿತ ಅತ್ತೆಯನ್ನು ತೀರ್ಪು ಕೇಳಿದೆವು. ನನಗೆ ಖಾತ್ರಿಯಿತ್ತು, ಕಲಿಸಿದವರು ಅವರೇ ಅಲ್ಲವೆ. ಅವರು ಮೂಗು ಏರಿಸಿ ಗಾಳಿ ಮೂಸಿದರು.

"ಹೊಗಿ ಬರವಲ್ದು. ಅಂದ ಮ್ಯಾಲೆ ಅದು ದೇವ್ರಾದ್ರೂ ಆಗಲಿ, ದೆವ್ವಾದ್ರೂ ಆಗಲಿ. ನನ್ನ ಕೇಳಬ್ಯಾಡ್ರಿ."

ಹೀಗೆ ಒಂದೇ ಅಡಿಗೆಮನೆಯಲ್ಲಿ ಒಂದೇ ಶಬ್ದಕ್ಕೆ ಎರಡು ಅರ್ಥ ಸಂಸಾರ ಹೂಡಿದವು. ಆದರೂ ನಡೆಯಿತು. ನಾನು "ದೊಡ್ಡದು ಮಾಡು" ಎಂದು ಬೆರಳಿನಿಂದ ತಿರುಪು ತೋರಿಸುತ್ತಿದ್ದೆ, ಇಲ್ಲವೆ ಪಂಪು ತೋರಿಸುತ್ತಿದ್ದೆ, ಅವಳು ಬೆರಳು ನೋಡಿ ಕೆಲಸ ಮಾಡುತ್ತಿದ್ದಳು. ಕೈಯೊಳಗೆ ಪಾತ್ರೆ ಇದ್ದಾಗ ಬೆರಳು ಎಲ್ಲಿಂದ ತರಬೇಕು ಎಂಬ ಯೋಚನೆ ನನಗೂ ಬರಲಿಲ್ಲ, ಸಾಲಿ ಕಲಿತ ಅವಳಿಗೂ ಬರಲಿಲ್ಲ.

ಇನ್ನು ಸ್ಪಿರಿಟಿನ ಮಾತು. ಶೀಸೆಯ ಬೂಚು ತೆಗೆದ ಮೊದಲ ದಿನವೇ ನನ್ನ ಜೀವ ಹಾರಿತು. ಗಡಂಗಿನ ಮುಂದೆ ಹಾದು ಹೋಗುವಾಗ ಮೂಗು ಮುಚ್ಚಿಕೊಳ್ಳುತ್ತೇವಲ್ಲ, ಅದೇ ವಾಸನೆ. ಲಿಂಗ ಕಟ್ಟಿಕೊಂಡ ಮನೆಯ ಅಡಿಗೆಮನೆಯಲ್ಲಿ ಸಾರಾಯಿಯ ತಂಗಿ! ನಾನು ಆ ಶೀಸೆಯನ್ನು ಹಿತ್ತಲ ಗೋಡೆಯ ಗೂಡಿನಲ್ಲಿ ಇಟ್ಟೆ. ಬೇಕಾದಾಗ ಕೈ ಉದ್ದ ಚಾಚಿ, ಮುಖ ಆಚೆ ತಿರುಗಿಸಿ, ಬಟ್ಟಲಿಗೆ ನಾಲ್ಕು ಹನಿ ಬೀಳಿಸಿ, ಕೂಡಲೆ ಕೈ ತೊಳೆಯುತ್ತಿದ್ದೆ. ಹನಿ ಕಡಿಮೆಯಾದಷ್ಟೂ ಪಾಪ ಕಡಿಮೆ ಎಂದು ನನ್ನ ಅಂದಾಜು.

"ಅಕ್ಕಾರ, ಅದನ್ನ ಕುಡಿಯೂದು ಸ್ಟೋ, ನೀವಲ್ಲ" ಎನ್ನುತ್ತಿದ್ದಳು ನೆಗೆಣ್ಣಿ. "ಹೊಟ್ಟಿತುಂಬ ಹಾಕ್ರಿ ಅದಕ್ಕ."

ಅರೆಕಾದ ಬರ್ನರು ಕೆಲವು ದಿನ ಹಳದಿ ಉರಿ ಎಬ್ಬಿಸಿ ಬುಸುಗುಟ್ಟಿ, ಆಮೇಲೆ ನೀಲಿಗೆ ತಿರುಗುತ್ತಿತ್ತು. ಹೊಸದಲ್ಲವೆ, ರೂಢಿಯಾಗುತ್ತದೆ ಎಂದುಕೊಳ್ಳುತ್ತಿದ್ದೆ. ಯಾರಿಗೆ ರೂಢಿಯಾಗಬೇಕಿತ್ತೋ ಗೊತ್ತಿಲ್ಲ.

ಆದರೂ ಆ ದಿನಗಳು ಸುಖದವು. ರೊಟ್ಟಿಯನ್ನು ಮಾತ್ರ ಹಿತ್ತಲ ಆಚೆ ತುದಿಯಲ್ಲಿ ಮೂರು ಕಲ್ಲು ಹೂಡಿ ಬಡಿಯುತ್ತಿದ್ದೆವು, ಉಳಿದ ಅಡಿಗೆಯೆಲ್ಲ ಸ್ಟೋದ ಮೇಲೆ. ನಡುಮನೆಯ ತೊಲೆಗಳಿಂದ ಮಸಿಯ ಎಳೆ ಉದುರುವುದು ನಿಂತಿತು. ಅತ್ತೆ ಕೆಮ್ಮುವುದು ನಿಂತಿತು. "ಬೆಳಕು ಬಂದೈತಿ ಬೇ, ಆಕಾರ ಇನ್ನೂ ಬರಬೇಕು" ಎನ್ನುತ್ತಿದ್ದರು. ಹಸಿರು ಬಟ್ಟೆಯ ಕೆಳಗೆ ಲಿಂಗ ಇನ್ನೂ ಮಂಜಿನೊಳಗೇ ಇತ್ತು. ಆಕಾರ ಬರಬೇಕಾದರೆ ಚಾಳೀಸು ಬರಬೇಕು, ಚಾಳೀಸು ಬರಬೇಕಾದರೆ ಕಣ್ಣು ಅಲ್ಲಿಯ ತನಕ ಉಳಿಯಬೇಕು.

ಕೊನೆಗೆ ಡಾಕ್ಟರು ಹೇಳಿದ ದಿನ ಹತ್ತಿರ ಬಂತು. ಮಂಗಳವಾರ ಚಾಳೀಸು. ಸೋಮವಾರ ನಾನು ಶಿವನಿಗೆ ಎಡೆ ಮಾಡಬೇಕೆಂದು ಗೋಧಿ ಹುಗ್ಗಿಗೆ ಅಣಿ ಮಾಡಿಕೊಂಡೆ. ಸೋಮವಾರ ಎಂಬ ಕಾರಣಕ್ಕೇ ನಾನು ಆ ದಿನ ಸ್ಪಿರಿಟನ್ನು ಇನ್ನಷ್ಟು ಹಿಡಿದು ಹಾಕಿದೆ. ಶಿವನ ವಾರ ಅವನ ಹುಗ್ಗಿಗೆ ಸಾರಾಯಿಯ ಉರಿಯೇ ಎಂದು ಮನಸ್ಸು ಒಪ್ಪಲಿಲ್ಲ. ಬಟ್ಟಲಿನ ತಳ ಒದ್ದೆಯಾಯಿತೋ ಇಲ್ಲವೋ, ಅಷ್ಟಕ್ಕೇ ಕಡ್ಡಿ ಗೀರಿದೆ. ಅದು ಭಗ್ ಎಂದು ಹತ್ತಿ, ಬಟ್ಟಲಿನ ಅಂಚಿಗೆ ಒಂದು ಎಳೆ ಉರಿ ಬಿಟ್ಟು ಅಷ್ಟೇ ಬೇಗ ಮುಗಿಯಿತು.

ನೆಗೆಣ್ಣಿ ಪಂಪಿನ ಕಡೆ ಕುಳಿತಿದ್ದಳು. ನಾನು ಎದುರಿಗೆ, ತಿರುಪಿನ ಕಡೆ, ಎರಡೂ ಕೈಯಲ್ಲಿ ಹುಗ್ಗಿಯ ಪಾತ್ರೆ ಹಿಡಿದು ಬಗ್ಗಿದ್ದೆ.

"ಹೊಡಿ" ಎಂದೆ. ಅವಳು ಪಂಪು ಹೊಡೆದಳು.

ಬರ್ನರಿನಿಂದ ಎಣ್ಣೆ ಸಣ್ಣ ಕಾರಂಜಿಯಂತೆ ಚಿಮ್ಮಿತು. ಮರುಕ್ಷಣ ಅದಕ್ಕೆ ಉರಿ ಹತ್ತಿ ನನ್ನೆತ್ತರಕ್ಕೆ ಎದ್ದು ನಿಂತಿತು. ಹಳದಿ, ತುದಿಗೆ ಕಪ್ಪು. ಮೇಲೆ ಹಗ್ಗದ ಮೇಲೆ ಅತ್ತೆಯ ಪೂಜೆಯ ಸೀರೆ ಒಣಗುತ್ತಿತ್ತು. ಉರಿಯ ನಾಲಿಗೆ ಅದರ ಅಂಚನ್ನು ಹುಡುಕುತ್ತಿತ್ತು. ಆಚೆ ಪಡಸಾಲೆಯಲ್ಲಿ ಹತ್ತಿ. ನಡುವೆ ಅತ್ತೆ.

ನಾನು ಕೂಗಿದೆ. "ದೊಡ್ಡದು ಮಾಡ! ಏ, ದೊಡ್ಡದು ಮಾಡ!"

ನೆಗೆಣ್ಣಿ ಕಣ್ಣು ಅಗಲಿಸಿ ನನ್ನನ್ನು ನೋಡಿದಳು. "ಇಷ್ಟು ಸಾಕಾಗಲಿಲ್ಲೇನ್ರಿ?"

"ದೊಡ್ಡದು ಮಾಡ ಅಂದ್ರ! ಲಗೂ!"

ಹಿರಿಯ ಓರಗಿತ್ತಿಯ ಮಾತು. ಯಾವ ದಿನವೂ ನನ್ನ ಮಾತು ಒಂದೇ ಸಲಕ್ಕೆ ಕೇಳದ ಹುಡುಗಿ ಅವತ್ತು ಕೇಳಿದಳು. ಮುಖ ಒಂದು ಕಡೆ ತಿರುಗಿಸಿ, ಹಲ್ಲು ಕಚ್ಚಿ, ಪಂಪು ಹೊಡೆದೇ ಹೊಡೆದಳು.

"ಅಯ್ಯ, ಹಂಗಲ್ಲ! ದೊಡ್ಡದು! ದೊಡ್ಡದು!"

"ಮಾಡಾಕತ್ತೇನಲ್ಲರಿ! ಇನ್ನೂ ಎಷ್ಟು ದೊಡ್ಡದು ಮಾಡ್ಲಿ, ಮಾಳಗಿ ಮುಟ್ಟಸ್ಲೇನು?"

ಉರಿ ನಿಜವಾಗಿಯೂ ಮಾಳಿಗೆಯ ತೊಲೆಗೆ ತಾಗಿತು. ಆ ಹೊತ್ತಿನಲ್ಲಿ ನನ್ನ ಬಾಯಿಗೆ ಬೇಕಾಗಿದ್ದದ್ದು ಒಂದೇ ಒಂದು ಶಬ್ದ. ಚಿಕ್ಕ ಮಕ್ಕಳಿಗೂ ಬರುವ ಶಬ್ದ. ಅದು ನನಗೆ ಬರಲಿಲ್ಲ. ಕೈಯೊಳಗಿನ ಹುಗ್ಗಿಯನ್ನು ಕೆಳಗಿಡಲೂ ತೋಚಲಿಲ್ಲ, ಎಡೆಗೆಂದು ಎತ್ತಿದ್ದು ನೆಲಕ್ಕೆ ಇಡಬಹುದೋ ಬಾರದೋ ಎಂದು ತಲೆಯ ಒಂದು ಮೂಲೆ ಆಗಲೂ ಲೆಕ್ಕ ಹಾಕುತ್ತಿತ್ತು.

ಆಗ ನಡುಮನೆಯಿಂದ ಒಂದು ಕೂಗು ಬಂತು. ಅಷ್ಟು ವರ್ಷದಲ್ಲಿ ಆ ಗಂಟಲಿನಿಂದ ನಾನು ಕೇಳಿರದ ದನಿ, ಕೇಳಿರದ ಮಾತು.

"ಆರಸ್ರೇ! ಆರಸ್ರಿ ಅದನ್ನ! ತಿರುಪು ಬಿಚ್ಚ ಬೇ ದೊಡ್ಡಾಕಿ, ತಿರುಪು!"

ನನಗೆ ಮೊದಲು ಅನ್ನಿಸಿದ್ದೇನು ಗೊತ್ತೇ? ಅಯ್ಯೋ, ಅತ್ತ್ಯಾರ ಬಾಯಾಗ ಇಂಥ ಮಾತೇ ಎಂದು. ಅದಾದ ಮೇಲೆ ಕೈ ಎಚ್ಚೆತ್ತುಕೊಂಡಿತು. ಪಾತ್ರೆ ಬಿಟ್ಟೆ, ಕಣ್ಣು ಮುಚ್ಚಿದೆ, ಗಡಿಗೆಯ ಭುಜವನ್ನು ತಡವರಿಸಿದೆ. ಹಣೆಯ ಹತ್ತಿರ ಏನೋ ಚಿಟಿಚಿಟಿ ಎಂದಿತು, ಕೂದಲು ಸುಟ್ಟ ವಾಸನೆ ಬಂತು. ಬೆರಳಿಗೆ ಆ ಸಣ್ಣ ತಿರುಪು ಸಿಕ್ಕಿತು. ತಿರುವಿದೆ.

ಸುಸ್ ಎಂದಿತು ಸ್ಟೋ. ದೊಡ್ಡ ಜಗಳದ ನಡುವೆ ಯಾರೋ ನಿಟ್ಟುಸಿರು ಬಿಟ್ಟು ಕುಳಿತುಬಿಡುತ್ತಾರಲ್ಲ, ಹಾಗೆ. ಮಾಳಿಗೆಯ ತನಕ ಎದ್ದಿದ್ದ ಉರಿ ಮೊಣಕಾಲಿಗೆ ಇಳಿಯಿತು, ಬರ್ನರಿನ ಮೇಲೆ ಒಂದು ಸಲ ನಡುಗಿತು, ಇಲ್ಲವಾಯಿತು. ನೆಗೆಣ್ಣಿ ಎಲ್ಲ ಮುಗಿದ ಮೇಲೆ ಉಸುಕಿನ ಬುಟ್ಟಿ ಎತ್ತಿ ಸುರಿದಳು. ಉಸುಕು, ಅದರೊಂದಿಗೆ ನನ್ನ ಶುಂಠಿ, ಎಲ್ಲವೂ ಹುಗ್ಗಿಯ ಪಾತ್ರೆಯೊಳಗೆ.

ಆದರೆ ಹೊಗೆ! ಚಿಮಣಿ ಎಣ್ಣೆಯ ಕಪ್ಪು ಹೊಗೆ ಮೋಡದಂತೆ ನಡುಮನೆಗೆ ಹೊರಟಿತ್ತು. ಒಂದು ಮಳೆಗಾಲವಿಡೀ ಕಾದ ಕಣ್ಣು, ನಾಳೆ ಚಾಳೀಸು ಕಾಣಬೇಕಾದ ಕಣ್ಣು. ನಾವಿಬ್ಬರೂ ಓಡಿದೆವು. ಅತ್ತೆ ಆಗಲೇ ಎದ್ದು ನಿಂತು, ಹಸಿರು ಬಟ್ಟೆಯ ಮೇಲೆ ಅಂಗೈ ಒತ್ತಿ ಹಿಡಿದು, ಗೋಡೆ ಮುಟ್ಟುತ್ತ ಹಿತ್ತಲ ಬಾಗಿಲಿನ ಕಡೆ ಹೊರಟಿದ್ದರು. ಉಸಿರು ಕಟ್ಟಿ ಹಿಡಿದಿದ್ದರು, ಕೆನ್ನೆ ಉಬ್ಬಿತ್ತು. ಬಾವಿಕಟ್ಟೆ ಮುಟ್ಟಿದ ಮೇಲೆಯೇ ಉಸಿರು ಬಿಟ್ಟರು. ಕೆಮ್ಮಲಿಲ್ಲ. ಅಂಗೈ ತೆಗೆಯಲೂ ಇಲ್ಲ.

"ಉರೀತೈತೇನ್ರಿ ಕಣ್ಣು?" ಎಂದೆ.

"ಗೊತ್ತಿಲ್ಲ. ಬಿಚ್ಚಿ ನೋಡೂದಿಲ್ಲ. ನಾಳೆ ಡಾಕ್ಟರ್ ಬಿಚ್ಚಲಿ."

ಅಂಗಡಿಯಿಂದ ಬಂದ ನಮ್ಮ ಮನೆಯವರು ಮಸಿ ಹಿಡಿದ ತೊಲೆ ನೋಡಿದರು, ನನ್ನ ಮುಖ ನೋಡಿದರು, ಹಿತ್ತಲಿಗೆ ಹೋಗಿ ಗೂಡಿನಿಂದ ಶೀಸೆ ತಂದರು. ಬೆಳಕಿಗೆ ಹಿಡಿದರು.

"ಇದು ತಂದಾಗ ಎಷ್ಟಿತ್ತೋ ಹೆಚ್ಚೂಕಮ್ಮಿ ಅಷ್ಟಽ ಐತೆಲ್ಲ?"

ಎಲ್ಲವೂ ಹೆಚ್ಚುತ್ತದೆ ಎಂದು ಬಾಯಲ್ಲಿ ಹೇಳುತ್ತಿದ್ದ ನಮ್ಮ ಮನೆಯಲ್ಲಿ ಖರೇ ಖರೇ ತೀರದೆ ಉಳಿದಿದ್ದ ಪದಾರ್ಥ ಅದೊಂದೇ. ನಾನು ತಲೆ ತಗ್ಗಿಸಿ, ಆ ಸ್ಟೋವನ್ನು ಒಯ್ದು ಬಾವಿಗೆ ಹಾಕಿರೆಂದೆ. ಇವತ್ತಿನಿಂದ ಒಲೆಯೇ ಸಾಕು, ನಾನು ಹಿತ್ತಲಲ್ಲಿಯೇ ಮಳೆಯಲ್ಲಿ ನೆನೆದು ಅಡಿಗೆ ಮಾಡುತ್ತೇನೆ ಎಂದೆ. ಮಳೆ ಹೋಗಿ ತಿಂಗಳಾಗಿತ್ತು, ಆದರೂ ಹಾಗೆಂದೆ.

"ಒಲಿ ಹಚ್ಚಿದ್ರ ನಾ ಇವತ್ತ ಉಣ್ಣೂದಿಲ್ಲ" ಎಂದರು ಬಾವಿಕಟ್ಟೆಯ ಮೇಲೆ ಕುಳಿತ ಅತ್ತೆ. "ಸ್ಟೋದ ತಪ್ಪೇನೈತಿ? ಅದಕ್ಕ ಬೇಕಾದಷ್ಟು ಹೊಟ್ಟಿಗೆ ಹಾಕಲಿಲ್ಲ, ಅದು ವಾಂತಿ ಮಾಡಿಕೊಂಡೈತಿ. ತಿರುಪು ತಿರುವಿದ ಕೂಡಲೆ ಸುಮ್ಮನಾತಿಲ್ಲ? ನಿಮ್ಮಿಬ್ಬರೊಳಗ ಯಾರಿಗೆ ಐತಿ ಅಂಥಾ ತಿರುಪು?"

ನೆಗೆಣ್ಣಿ ನಗಲಾರದೆ ಸೆರಗು ಕಚ್ಚಿದಳು. ನಾನು ಕೇಳಿದೆ, "ನಿಮಗ ಹೆಂಗ ಗೊತ್ತಾತ್ರಿ ತಿರುಪಿನ ಸಂಗತಿ? ನೀವು ಸ್ಟೋನಽ ನೋಡಿಲ್ಲ."

"ಕಣ್ಣು ಕಟಗೊಂಡು ಕುಂತಾಕಿಗೆ ಬ್ಯಾರೆ ಏನು ಉದ್ಯೋಗ? ದಿನಾ ಕೇಳ್ತೇನಲ್ಲ. ಫಸ್ ಫಸ್ ಅಂದ್ರ ಹತ್ತತೈತಿ, ಸುಸ್ ಅಂದ್ರ ಕೂಡತೈತಿ. ಇವತ್ತ ನೀ ಬರೇ ಒದರಾಕತ್ತಿದ್ದಿ, ಸುಸ್ ಅನ್ನೂದು ಕೇಳಲೇ ಇಲ್ಲ."

ಕೊನೆಗೆ ನಾನು ಒಳಗೆ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ. "ಆದ್ರ ಅತ್ತ್ಯಾರ, ಆ ಮಾತು... ನೀವಽ ಅಂದ್ರಲ್ಲ."

"ಯಾವ ಮಾತು? ಆರಸು ಅಂದದ್ದೇನ?" ಎಂದು ಮತ್ತೊಮ್ಮೆ ಅಂದರು ಅವರು, ಬೇಕೆಂದೇ. "ದೀಪಕ್ಕ ದೊಡ್ಡದು ಅನ್ನೂದು ಯಾಕ? ನಾಳೆ ಮತ್ತ ನಿನ್ನ ಹಚ್ಚತೇವಿ ಅಂತ ಅದಕ್ಕ ಮಾತು ಕೊಟ್ಟಂಗ. ಮನಿಗೆ ಹತ್ತಿದ ಬೆಂಕಿಗೆ ಯಾಕ ಬೇ ಆ ಮಾತು ಕೊಡ್ತಿ? ಮತ್ತ ಬಾ ಅಂತೀಯೇನು?"

ಇಷ್ಟು ವರ್ಷ ಓಣಿಯವರನ್ನೆಲ್ಲ ತಿದ್ದುತ್ತ ಬಂದ ನನಗೆ ಈ ಕಾರಣ ಗೊತ್ತೇ ಇರಲಿಲ್ಲ. ಕೇಳಿದವಳೂ ಅಲ್ಲ.

ಆ ಸಂಜೆ ಬಟ್ಟಲಿನ ತುಂಬ, ಅಂಚಿನ ತನಕ, ಸ್ಪಿರಿಟ್ ಹಾಕಿದೆ. ಮುಖ ತಿರುಗಿಸಲಿಲ್ಲ. ಕೈ ಮಾತ್ರ ತೊಳೆದೆ. ಉರಿ ಹೂವಿನಂತೆ ನೀಲಿಯಾಗಿ ಬಂತು. ಅನ್ನವಾದ ಮೇಲೆ ನೆಗೆಣ್ಣಿಗೆ ಹೇಳಿದೆ, "ಆ... ಆರಸು." ಕಡಲೆಯನ್ನು ಹಲ್ಲಿಲ್ಲದ ಬಾಯಿ ಅಗಿದಂತಿತ್ತು. ಅವಳು ತಿರುಪು ಬಿಚ್ಚಿ, "ಆರಿಸು ಅನ್ನಬೇಕ್ರಿ ಅಕ್ಕಾರ, ಆರಸು ಅಲ್ಲ" ಎಂದು ಧಾರವಾಡವನ್ನು ತೋರಿಸಿದಳು. ಅವಳ ಮೇಲೆ ಸಿಟ್ಟಾಗುವಷ್ಟು ಜೀವ ನನ್ನಲ್ಲಿ ಉಳಿದಿರಲಿಲ್ಲ. ನಾಳೆ ಡಾಕ್ಟರು ಬಟ್ಟೆ ಎತ್ತಿದಾಗ ಏನು ಕಂಡೀತೋ ಎಂಬುದೊಂದೇ ತಲೆಯಲ್ಲಿ.

ಮಂಗಳವಾರ ಟಾಂಗಾದಲ್ಲಿ ಕುಳಿತು ಹೋದೆವು. ಡಾಕ್ಟರು ಹಸಿರು ಬಟ್ಟೆ ಎತ್ತಿ, ಕಿಟಕಿಯ ಕಡೆ ತಿರುಗಿಸಿ, ರೆಪ್ಪೆ ಎಳೆದು ನೋಡಿದರು. ಬಹಳ ಹೊತ್ತು ನೋಡಿದರು. ನಾನು ಕೊರಳ ಲಿಂಗವನ್ನು ಸೀರೆಯ ಮೇಲಿನಿಂದಲೇ ಹಿಡಿದುಕೊಂಡಿದ್ದೆ.

"ಮನ್ಯಾಗ ಹೊಗಿ ಮಾಡಿಲ್ಲ ಹೌದಲ್ರಿ?"

ಡಾಕ್ಟರು ತಲೆ ಎತ್ತಿ ನನ್ನ ಮುಖ ನೋಡಿದರು. ಏನೋ ಕೇಳಬೇಕೆಂದವರು ಬಿಟ್ಟುಬಿಟ್ಟರು.

"ಕಣ್ಣು ಛಲೋ ಐತಿ" ಎಂದರು. ಆಮೇಲೆ ಒಂದೊಂದೇ ಗಾಜು ಹಾಕಿ ನೋಡಿ, ಶೀಸೆಯ ಬುಡದಷ್ಟು ದಪ್ಪ ಗಾಜಿನ ಚಾಳೀಸನ್ನು ಒಂದು ಡಬ್ಬಿಯಲ್ಲಿಟ್ಟು ಕೊಟ್ಟರು. ಹಾಕಿ ನೋಡಿರೆಂದರೆ ಅತ್ತೆ ಒಲ್ಲೆ ಎಂದರು. ಟಾಂಗಾದಲ್ಲಿ ಡಬ್ಬಿಯನ್ನು ಮಡಿಲಲ್ಲಿ ಹಿಡಿದುಕೊಂಡೇ ಬಂದರು. ಹೊಸ ಕಣ್ಣಿಗೆ ಮೊದಲು ಕುದುರೆಯ ಬಾಲ ಕಾಣುವುದು ಬೇಡ ಎಂದರು.

ಮನೆಗೆ ಬಂದು ಸ್ನಾನ ಮಾಡಿದರು. ಮಣೆಯ ಮೇಲೆ ಕುಳಿತರು. ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈಯಿಂದ ಚಾಳೀಸನ್ನು ಕಿವಿಗೆ ಏರಿಸಿಕೊಂಡರು. ಅದು ಸೊಟ್ಟಗೆ ಕೂತಿತ್ತು, ಸರಿ ಮಾಡಲು ಹೋದ ನನ್ನ ಕೈಯನ್ನು ತಡೆದರು. ಅಂಗೈಯನ್ನು ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಒಂದು ಕಡೆ ಅಂಗೈ ನಿಂತಿತು.

ಹಿತ್ತಲಲ್ಲಿ ನೆಗೆಣ್ಣಿ ಮಸಿ ಹಿಡಿದ ಪಾತ್ರೆ ತಿಕ್ಕುತ್ತಿದ್ದವಳು ಅದನ್ನು ನಿಲ್ಲಿಸಿದ್ದಳು.

"ಲಿಂಗಽನ ಐತಿ" ಎಂದರು ಅತ್ತೆ, ತಮ್ಮಷ್ಟಕ್ಕೆ. "ನೀ ಸುಳ್ಳು ಹೇಳಿರಲಿಲ್ಲ ನೋಡು."

ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಗೆ ಸೇರಿಸಿ, ತಲೆ ಎತ್ತಿದರು. ವರ್ಷಗಳ ಮೇಲೆ ನನ್ನ ಮುಖ ಅವರಿಗೆ ಸ್ಪಷ್ಟವಾಗಿ ಕಂಡದ್ದು ಅದೇ ಮೊದಲು. ಚಾಳೀಸನ್ನು ಒಂದು ಬೆರಳಿನಿಂದ ಮೂಗಿನ ಮೇಲೆ ಒತ್ತಿ, ಕತ್ತು ಮುಂದೆ ಚಾಚಿ ನೋಡಿದರು.

"ಅಲ್ಲ ಬೇ, ನಿನ್ನ ಹುಬ್ಬು ಎಲ್ಲಿ?"

ನನಗೆ ಬಾಯಿಗೆ ಬಂದ ಮಾತು ಹಳೆಯ ರೂಢಿಯದೇ. ತಡೆಯುವುದರೊಳಗೆ ಹೊರಗೆ ಬಂತು.

"ಹೆಚ್ಚ್ಯಾವ್ರಿ, ಅತ್ತ್ಯಾರ."

ಅತ್ತೆಯ ಮೈ ಮೊದಲು ಅಲುಗಿತು, ಆಮೇಲೆ ಮಣೆ ಅಲುಗಿತು. ಚಾಳೀಸನ್ನು ಎರಡೂ ಕೈಯಿಂದ ಹಿಡಿದುಕೊಂಡು ನಕ್ಕರು. ಹಿತ್ತಲಿನಿಂದ ಓಡಿ ಬಂದ ನೆಗೆಣ್ಣಿ ಏನಾಯಿತೆಂದು ಕೇಳದೆಯೇ ನಗಲು ಶುರು ಮಾಡಿದಳು. ನಾನು ಗಾಬರಿಯಾಗಿ ಡಾಕ್ಟರು ಬಂದ್ ಎಂದದ್ದನ್ನೆಲ್ಲ ಮನಸ್ಸಿನಲ್ಲಿ ಎಣಿಸಿದೆ. ಹೊಗೆ, ಕೆಮ್ಮು, ಅಳು, ಬಗ್ಗುವುದು. ಶಿವನ ದಯ, ಅದರಲ್ಲಿ ನಗು ಇರಲಿಲ್ಲ.